ಮನೆ ಕಟ್ಟಿ ನೋಡು, ಮೊದಲು ರಟ್ಟಿನಲ್ಲಿ

ಹೋದ ಸಂಚಿಕೆಯಲ್ಲಿ "ಪಾಯ ತೆಗೆಯುವ ಮೊದಲು ಒಂದು ಮಾಡೆಲ್ ಮಾಡಿ ನೋಡಿ" ಅಂತ ಒಂದೇ ಒಂದು ಸಾಲು ಬರೆದಿದ್ದೆ. ಟೈಲ್ಸ್ ಬಗ್ಗೆ, ಸೋರುವ ತಾರಸಿ ಬಗ್ಗೆ ಬರೆದ ಅಷ್ಟುದ್ದ ಉತ್ತರಗಳನ್ನು ಬಿಟ್ಟು ಎಲ್ಲರೂ ಆ ಒಂದು ಸಾಲನ್ನೇ ಹಿಡಿದುಕೊಂಡಿದ್ದೀರಿ. ಸರಿ, ಈ ಸಲ ಪೂರ್ತಿ ಅದೇ. ಟೈಲ್ಸ್‌ನವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: ನಮ್ಮದು 30×40 ಸೈಟು. ಇಂಜಿನಿಯರ್ ಪ್ಲ್ಯಾನ್ ಜೊತೆ ಬಣ್ಣದ ತ್ರೀಡಿ ಚಿತ್ರಗಳನ್ನೂ ಕಳಿಸಿದ್ದಾರೆ, ನೋಡೋಕೆ ಬಹಳ ಚೆನ್ನಾಗಿದೆ. ಆದರೆ ಅಪ್ಪ ಅಮ್ಮನಿಗೆ ಪ್ಲ್ಯಾನ್ ಅರ್ಥವಾಗುತ್ತಿಲ್ಲ, ಸುಮ್ನೆ ತಲೆಯಾಡಿಸುತ್ತಾರೆ. ಮಾಡೆಲ್ ಮಾಡಿಸಬೇಕಾ, ಅಥವಾ ದುಡ್ಡು ದಂಡವಾ? (ದಾವಣಗೆರೆಯ ಓದುಗರು)

ಉತ್ತರ: ಮಾಡಿಸಬೇಡಿ. ನೀವೇ ಮಾಡಿ.

ತ್ರೀಡಿ ಚಿತ್ರದ ಬಗ್ಗೆ ನನಗೆ ದ್ವೇಷ ಏನಿಲ್ಲ. ಆದರೆ ಅದನ್ನು ಎಲ್ಲಿಂದ ನೋಡಬೇಕು ಅಂತ ತೀರ್ಮಾನಿಸಿದವರು ನೀವಲ್ಲ, ಕಂಪ್ಯೂಟರ್ ಮುಂದೆ ಕೂತವರು. ನಿಮ್ಮ ಚಿತ್ರವನ್ನು ಇನ್ನೊಮ್ಮೆ ತೆಗೆದು ನೋಡಿ. ಅಕ್ಕಪಕ್ಕದ ಮನೆಗಳು ಇವೆಯಾ? ಕರೆಂಟ್ ಕಂಬ? ಆ ಚಿತ್ರ ತೆಗೆಯಲು ನಿಜವಾದ ಕ್ಯಾಮೆರಾ ಇಡಬೇಕಾದರೆ ಬಹುಶಃ ಎದುರುಮನೆಯವರ ಹಾಲ್ ಒಳಗೆ ಇಡಬೇಕಾಗುತ್ತದೆ. ಮಾಡೆಲ್‌ನಲ್ಲಿ ಈ ಆಟ ನಡೆಯುವುದಿಲ್ಲ. ಮೇಜಿನ ಮೇಲಿಟ್ಟರೆ ಅಪ್ಪ ಒಂದು ಕಡೆಯಿಂದ ಬಗ್ಗಿ ನೋಡುತ್ತಾರೆ, ಅಮ್ಮ ಇನ್ನೊಂದು ಕಡೆಯಿಂದ, ಮಗು ಮೇಲಿಂದ ಕೈ ಹಾಕುತ್ತದೆ.

ಅಳತೆಗೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕು ಅಡಿಗೆ ಒಂದು ಇಂಚು ಅಂತ ಇಟ್ಟುಕೊಳ್ಳಿ. ಆಗ ನಿಮ್ಮ 30×40 ಸೈಟು ಏಳೂವರೆ ಇಂಚಿಗೆ ಹತ್ತು ಇಂಚು, ನೋಟ್‌ಬುಕ್ಕಿಗಿಂತ ಸ್ವಲ್ಪ ಆಚೆ ಈಚೆ. ಹತ್ತು ಅಡಿ ಎತ್ತರದ ಒಂದು ಮಹಡಿ ಎರಡೂವರೆ ಇಂಚು. ಮೂರು ಅಡಿ ಬಾಗಿಲು ಮುಕ್ಕಾಲು ಇಂಚು. ಈ ಅಳತೆಯಲ್ಲಿ ಒಂದು ದೊಡ್ಡ ಅನುಕೂಲ ಇದೆ. ಒಂಬತ್ತು ಇಂಚಿನ ಗೋಡೆ ಐದು ಮಿಲಿಮೀಟರ್‌ಗೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ, ಆರು ಇಂಚಿನ ಬ್ಲಾಕ್ ಗೋಡೆ ಮೂರು ಮಿಲಿಮೀಟರ್ ಚಿಲ್ಲರೆ. ಸ್ಟೇಷನರಿ ಅಂಗಡಿಯಲ್ಲಿ ಸನ್‌ಬೋರ್ಡ್ (ಮಾಡೆಲ್‌ಗೆ ಬಳಸುವ ಹಗುರವಾದ ಬಿಳಿ ಹಲಗೆ) ಮೂರು ಮತ್ತು ಐದು ಮಿಲಿಮೀಟರ್ ದಪ್ಪದಲ್ಲಿ ಸಿಗುತ್ತದೆ. ಅಂದರೆ ಗೋಡೆಯ ದಪ್ಪ ಲೆಕ್ಕ ಹಾಕುವ ಕೆಲಸವೇ ಇಲ್ಲ, ಸೀದಾ ಕತ್ತರಿಸಿ ನಿಲ್ಲಿಸಿ. ಸನ್‌ಬೋರ್ಡ್ ಬೇಡ ಅಂದರೆ ಫ್ರಿಜ್ ಬಂದ ಡಬ್ಬದ ರಟ್ಟೇ ಸಾಕು. ಕಟರ್ ಬ್ಲೇಡು ಮಾತ್ರ ಹೊಸದಿರಲಿ, ಜೊತೆಗೆ ಸ್ಟೀಲ್ ಸ್ಕೇಲು. ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ, ಹಗುರವಾಗಿ ಎರಡು ಮೂರು ಸಲ ಎಳೆಯಿರಿ.

ಗೋಡೆಗಳನ್ನು ಮೊದಲ ದಿನವೇ ಅಂಟಿಸಿಬಿಡಬೇಡಿ. ಗುಂಡುಸೂಜಿ ಚುಚ್ಚಿ ನಿಲ್ಲಿಸಿ. ಮಹಡಿ ಮಹಡಿಯೂ ಬೇರೆ ಬೇರೆ ಎತ್ತುವ ಹಾಗಿರಲಿ. ಆಮೇಲೆ ಐದೂವರೆ ಅಡಿಯ ಮನುಷ್ಯರನ್ನು ಕಾಗದದಲ್ಲಿ ಕತ್ತರಿಸಿ ಅಲ್ಲಲ್ಲಿ ನಿಲ್ಲಿಸಿ, ಒಬ್ಬೊಬ್ಬರೂ ಸುಮಾರು ಮೂರೂವರೆ ಸೆಂಟಿಮೀಟರ್. ಮಂಚ, ಬೀರು, ಡೈನಿಂಗ್ ಟೇಬಲ್ ಎಲ್ಲವನ್ನೂ ಇದೇ ಅಳತೆಯಲ್ಲಿ ರಟ್ಟಿನ ತುಂಡು ಮಾಡಿ ಇಡಿ. ಕಾರನ್ನಂತೂ ಮರೆಯಲೇಬೇಡಿ. ಹದಿಮೂರು ಅಡಿ ಉದ್ದದ ಸಣ್ಣ ಕಾರು ಮೂರೂಕಾಲು ಇಂಚು. ಪೋರ್ಟಿಕೋದಲ್ಲಿ ಅದನ್ನಿಟ್ಟು, ಅದರ ಬಾಗಿಲು ತೆರೆದು ಇಳಿಯಲು ಜಾಗ ಇದೆಯಾ, ಗೇಟು ಒಳಗೆ ತೆರೆಯುತ್ತದಾ ಹೊರಗಾ ಅಂತ ನೋಡಿ. ಎಷ್ಟು ಮನೆಗಳಲ್ಲಿ ಕಾರು ಬಂದ ಮೇಲೆ ಗೇಟು ಕಿತ್ತು ಸ್ಲೈಡಿಂಗ್ ಹಾಕಿಸುತ್ತಾರೆ ಗೊತ್ತಾ?

ಇನ್ನು ಮೆಟ್ಟಿಲು. ನಮ್ಮ ಸಣ್ಣ ಸೈಟುಗಳ ಅರ್ಧ ಜಗಳ ಇರುವುದು ಇಲ್ಲೇ. ಮೆಟ್ಟಿಲಿನ ಕೆಳಗೆ ಒಂದು ಟಾಯ್ಲೆಟ್ ಅಂತ ಪ್ಲ್ಯಾನ್‌ನಲ್ಲಿ ಬರೆದಿರುತ್ತಾರೆ, ಮೇಲಿಂದ ನೋಡಿದರೆ ಚೆಂದವಾಗಿ ಕೂತಿರುತ್ತದೆ. ಹತ್ತು ಅಡಿ ಮಹಡಿಗೆ ಮಧ್ಯದ ಲ್ಯಾಂಡಿಂಗ್ (ಮೆಟ್ಟಿಲು ತಿರುಗುವ ಕಟ್ಟೆ) ಬರುವುದು ಐದು ಅಡಿಗೆ. ಅದರಲ್ಲಿ ಕಾಂಕ್ರೀಟಿನ ದಪ್ಪ ಐದಾರು ಇಂಚು ಕಳೆಯಿರಿ. ಉಳಿದದ್ದು ನಾಲ್ಕೂವರೆ ಅಡಿ ಚಿಲ್ಲರೆ! ಮಾಡೆಲ್‌ನಲ್ಲಿ ಆ ಲ್ಯಾಂಡಿಂಗ್ ಕೆಳಗೆ ನಿಮ್ಮ ಕಾಗದದ ಮನುಷ್ಯನನ್ನು ನಿಲ್ಲಿಸಲು ಹೋಗಿ, ಕುತ್ತಿಗೆ ಮುರಿದುಕೊಳ್ಳುತ್ತಾನೆ. ಪರಿಹಾರ ಇಲ್ಲ ಅಂತಲ್ಲ. ಮೊದಲ ಸಾಲಿನಲ್ಲೇ ಏಳಿಂಚಿನ ಹನ್ನೆರಡು ಮೆಟ್ಟಿಲು ಹತ್ತಿಸಿ ಲ್ಯಾಂಡಿಂಗನ್ನು ಏಳು ಅಡಿಗೆ ತರಬಹುದು. ಆದರೆ ಆ ಸಾಲು ಉದ್ದವಾಗುತ್ತದೆ, ಹಾಲ್ ಒಳಗೆ ನುಗ್ಗುತ್ತದೆ. ಟಾಯ್ಲೆಟ್ ಮುಖ್ಯವೋ ಹಾಲ್ ಮುಖ್ಯವೋ ಅಂತ ಜಗಳ ಶುರುವಾಗುತ್ತದೆ. ಆಗಲಿ ಬಿಡಿ. ಸೆಂಟ್ರಿಂಗ್ ಹಲಗೆ ಬಿಚ್ಚಿದ ಮೇಲೆ ಆಗುವುದಕ್ಕಿಂತ ಈಗಲೇ ಆಗಲಿ.

ಕೊನೆಗೆ, ಪಕ್ಕದ ಸೈಟುಗಳಲ್ಲಿ ಖಾಲಿ ರಟ್ಟಿನ ಡಬ್ಬ ಇಡಿ, ಅಲ್ಲಿ ಈಗ ಮನೆ ಇಲ್ಲದಿದ್ದರೂ ಸರಿ. ನಾಳೆ ಬಂದೇ ಬರುತ್ತದೆ. ನೀವು ಸೆಟ್‌ಬ್ಯಾಕ್ (ಗೋಡೆಗೂ ಸೈಟಿನ ಗಡಿಗೂ ನಡುವಿನ ಖಾಲಿ ಜಾಗ) ಮೂರು ಅಡಿ ಬಿಟ್ಟು, ಅವರೂ ಮೂರು ಅಡಿ ಬಿಟ್ಟರೆ ನಿಮ್ಮ ಬೆಡ್‌ರೂಮ್ ಕಿಟಕಿಗೂ ಅವರ ಗೋಡೆಗೂ ನಡುವೆ ಮಾಡೆಲ್‌ನಲ್ಲಿ ಒಂದೂವರೆ ಇಂಚು. ಆ ಸಂದಿಯಲ್ಲಿ ಒಂದು ಕಣ್ಣು ಮುಚ್ಚಿ ಇಣುಕಿ ನೋಡಿ, ಎಷ್ಟು ಬೆಳಕು ಬರುತ್ತದೆ ಅಂತ ತಿಳಿಯುತ್ತದೆ. ಅಮ್ಮನನ್ನೂ ಕರೆದು ಅಡುಗೆಮನೆ ಜಾಗದಿಂದ ಇಣುಕಲು ಹೇಳಿ. "ಇಲ್ಲಿಂದ ಗೇಟಿಗೆ ಯಾರು ಬಂದರು ಅಂತ ಕಾಣಲ್ವಲ್ಲ" ಅಂತಲೋ, "ಪಾತ್ರೆ ತೊಳೆಯೋ ಜಾಗ ಎಲ್ಲಿ" ಅಂತಲೋ ಕೇಳುತ್ತಾರೆ. ಪ್ಲ್ಯಾನ್ ಕೈಯಲ್ಲಿದ್ದಾಗ ಬಾಯಿ ಬಿಡದವರು ಮಾಡೆಲ್ ಮುಂದೆ ಮಾತಾಡುತ್ತಾರೆ. ಅವರು ಹೇಳಿದ ಗೋಡೆಯನ್ನು ಅಲ್ಲೇ ಕತ್ತರಿಸಿ ತೋರಿಸಿ, ಫೋಟೊ ತೆಗೆದು ಇಂಜಿನಿಯರಿಗೆ ಕಳಿಸಿ. ಯಾವ ಕಂಬ, ಬೀಮು ಸರಿಯಬಹುದು, ಯಾವುದು ಸರಿಯಬಾರದು ಅಂತ ಅವರು ಹೇಳಲಿ, ಅದು ಅವರ ಕೆಲಸ.

ಪ್ರಶ್ನೆ: ನಾನು ಆರ್ಕಿಟೆಕ್ಚರ್ ಎರಡನೇ ವರ್ಷದ ವಿದ್ಯಾರ್ಥಿನಿ. ಕಂಪ್ಯೂಟರ್‌ನಲ್ಲಿ ಎಲ್ಲ ಬರುತ್ತೆ, ಲೇಸರ್ ಕಟಿಂಗ್ ಇದೆ, ತ್ರೀಡಿ ಪ್ರಿಂಟರ್ ಇದೆ. ಆದರೂ ನಮ್ಮ ಮೇಷ್ಟ್ರು ಕೈಯಲ್ಲೇ ಮಾಡೆಲ್ ಮಾಡಿ ಅಂತಾರೆ. ಇದು ಹಳೇ ಕಾಲದ ಹಟ ಅಲ್ವಾ ಸರ್? (ಮೈಸೂರಿನ ಓದುಗರು)

ಉತ್ತರ: ಸ್ವಲ್ಪ ಹಟ ಇರಬಹುದಮ್ಮ, ಮೇಷ್ಟ್ರುಗಳಿಗೆ ಅದು ಇದ್ದೇ ಇರುತ್ತೆ. ಆದರೆ ಅವರು ಹೇಳುವುದು ಸರಿ.

ಮಾಡೆಲ್‌ಗಳಲ್ಲಿ ಎರಡು ಜಾತಿ. ಒಂದು, ಯೋಚನೆ ಮಾಡಲು ಮಾಡುವುದು. ಇನ್ನೊಂದು, ಮುಗಿದ ಮೇಲೆ ತೋರಿಸಲು ಮಾಡುವುದು. ಲೇಸರ್ ಕಟರಿಗೆ ಫೈಲ್ ಕಳಿಸಬೇಕಾದರೆ ಪ್ರತಿ ಗೋಡೆ, ಪ್ರತಿ ಕಿಟಕಿ ಮೊದಲೇ ತೀರ್ಮಾನ ಆಗಿರಬೇಕು. ಅಂದರೆ ಯೋಚನೆ ಮುಗಿದಿರಬೇಕು. ಅಷ್ಟು ಚೆಂದವಾಗಿ ಕತ್ತರಿಸಿ ಬಂದದ್ದನ್ನು ಮತ್ತೆ ಹರಿಯಲು ಯಾರಿಗೆ ಮನಸ್ಸು ಬರುತ್ತದೆ ಹೇಳು? ಅದೇ ಹಳೇ ರಟ್ಟಿನಲ್ಲಿ ಕೈಯಲ್ಲೇ ಕತ್ತರಿಸಿದ್ದಾದರೆ, ಚಾವಣಿ ಇಷ್ಟವಾಗಲಿಲ್ಲ ಅಂದ ತಕ್ಷಣ ಕಿತ್ತು ಇನ್ನೊಂದು ಮಡಚಿ ಇಡುತ್ತೀಯ.

ಕಂಪ್ಯೂಟರ್ ಬೇಡ ಅಂತ ನಾನು ಹೇಳುತ್ತಿಲ್ಲ. ಸ್ಪೇನಿನ ಬಿಲ್ಬಾವೊದಲ್ಲಿ 1997ರಲ್ಲಿ ತೆರೆದ ಗುಗೆನ್‌ಹೈಮ್ ಮ್ಯೂಸಿಯಂ ನೋಡು. ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ಅದರ ಅಂಕುಡೊಂಕು ಆಕಾರಗಳನ್ನು ಹುಡುಕಿದ್ದು ಕಾಗದ, ಮರದ ತುಂಡುಗಳ ಮಾಡೆಲ್‌ಗಳಲ್ಲಿ. ಆಮೇಲೆ ಅವುಗಳ ಮೈಯನ್ನು ಬಿಂದು ಬಿಂದುವಾಗಿ ಕಂಪ್ಯೂಟರ್‌ಗೆ ಇಳಿಸಿ, ವಿಮಾನ ತಯಾರಿಕೆಗೆಂದು ಹುಟ್ಟಿದ ಕಟಿಯಾ ಅನ್ನುವ ಸಾಫ್ಟ್‌ವೇರಿನಲ್ಲಿ ಉಕ್ಕಿನ ಲೆಕ್ಕ ತೆಗೆದರು. ಮೊದಲು ಕೈ, ಆಮೇಲೆ ಯಂತ್ರ.

ತೋರಿಸಲು ಮಾಡಿದ ಮಾಡೆಲ್‌ನ ಪಾಡು ಏನಾಗಬಹುದು ಅನ್ನುವುದಕ್ಕೆ ಲಂಡನ್ನಿನ ಕತೆ ಒಂದಿದೆ. 1666ರ ಬೆಂಕಿಯಲ್ಲಿ ಹಳೆಯ ಸೇಂಟ್ ಪಾಲ್ಸ್ ಚರ್ಚು ಹಾಳಾದ ಮೇಲೆ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ 1673-74ರಲ್ಲಿ ಹೊಸದಕ್ಕೆ ಓಕ್ ಮರದ ದೊಡ್ಡ ಮಾಡೆಲ್ ಮಾಡಿಸಿದ. ಉದ್ದ ಆರು ಮೀಟರ್‌ಗೂ ಜಾಸ್ತಿ, ಒಳಗೆ ಹೋಗಿ ನಿಂತು ನೋಡಬಹುದು. ಖರ್ಚು ಸುಮಾರು 600 ಪೌಂಡ್, ಆಗ ಅಷ್ಟರಲ್ಲಿ ಲಂಡನ್ನಿನಲ್ಲಿ ಒಳ್ಳೆಯ ಮನೆಯೇ ಬರುತ್ತಿತ್ತು. ರಾಜನಿಗೆ ಇಷ್ಟವಾಯಿತು, ಪಾದ್ರಿಗಳಿಗೆ ಆಗಲಿಲ್ಲ. ಇದು ನಮ್ಮ ಚರ್ಚಿನ ಹಾಗೇ ಇಲ್ಲ ಅಂದರು. ರೆನ್‌ಗೆ ಎಷ್ಟು ಬೇಜಾರಾಯಿತು ಅಂದರೆ ಇನ್ನು ಮೇಲೆ ಸಾರ್ವಜನಿಕರಿಗೆ ಮಾಡೆಲ್ ತೋರಿಸುವುದೇ ಇಲ್ಲ ಅಂತ ತೀರ್ಮಾನಿಸಿದನಂತೆ. ಈಗ ನಿಂತಿರುವ ಕಟ್ಟಡ ಬೇರೆ ವಿನ್ಯಾಸದ್ದು, ಆ ಮಾಡೆಲ್ ಮಾತ್ರ ಅದೇ ಕಟ್ಟಡದ ಒಳಗೆ ಇವತ್ತಿಗೂ ಇದೆ. ಪಾದ್ರಿಗಳ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಬೇಡ ಅನ್ನುವುದಕ್ಕೆ ಅವರಿಗೆ ಕಲ್ಲು ಕೆತ್ತುವ ಮೊದಲೇ ಅವಕಾಶ ಸಿಕ್ಕಿತಲ್ಲ.

ನಮ್ಮ ದೇಶದ ಕತೆ ಬೇಕು ಅಂದರೆ ಚಂಡೀಗಢದ ಜ್ಞಾನಿ ರತ್ತನ್ ಸಿಂಗ್ ಬಗ್ಗೆ ಓದು. ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಅಲ್ಲಿ ಮಾಡಿದ ಕಟ್ಟಡಗಳಿಗೆ ಮರದ ಮಾಡೆಲ್ ಮಾಡಿಕೊಟ್ಟವರು ಅವರು. ಕಟ್ಟಡ ನೋಡಿದವರೆಲ್ಲ ಕಾರ್ಬೂಸಿಯೆ ಹೆಸರು ಹೇಳುತ್ತಾರೆ, ಮರ ಕೆತ್ತಿದವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಇನ್ನೊಂದು ಮಾತು. ರಜೆಯಲ್ಲಿ ಗದಗದ ಹತ್ತಿರದ ಲಕ್ಕುಂಡಿಗೆ ಹೋಗಿ ಬಾ. ಕಾಶಿವಿಶ್ವೇಶ್ವರ ದೇವಸ್ಥಾನದ ಹೊರಗೋಡೆಯಲ್ಲಿ ಪುಟ್ಟ ಪುಟ್ಟ ಶಿಖರಗಳನ್ನು ಕೆತ್ತಿದ್ದಾರೆ, ದ್ರಾವಿಡ ಬಗೆಯವೂ ಇವೆ, ನಾಗರ ಬಗೆಯವೂ ಇವೆ. ಅವು ಅಲಂಕಾರಕ್ಕೆ ಕೆತ್ತಿದವು. ಆದರೂ ಒಂದರ ಮುಂದೆ ಕೂತು ಅದನ್ನು ಜೇಡಿಮಣ್ಣಿನಲ್ಲಿ ಮಾಡಲು ಪ್ರಯತ್ನಿಸು. ಎಲ್ಲಿ ಒಳಗೆ ಸರಿಯುತ್ತದೆ, ಎಲ್ಲಿ ಹೊರಗೆ ಚಾಚುತ್ತದೆ ಅಂತ ಬೆರಳಿಗೆ ತಿಳಿಯುವಷ್ಟು ಫೋಟೊದಿಂದ ತಿಳಿಯುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಬಿಸಿಲು, ಬೆಳಕು ಹೇಗೆ ಬರುತ್ತದೆ ಅಂತ ಮಾಡೆಲ್‌ನಿಂದ ಮೊದಲೇ ತಿಳಿಯಬಹುದಾ? (ಬೆಂಗಳೂರಿನ ಓದುಗರು)

ಉತ್ತರ: ಧಾರಾಳವಾಗಿ. ಮಾಡೆಲ್ ನಿಜಕ್ಕೂ ದುಡ್ಡು ಉಳಿಸುವುದು ಇಲ್ಲೇ.

ಬೆಳಕಿಗೆ ಒಂದು ಒಳ್ಳೇ ಗುಣ ಇದೆ. ಕೋಣೆ ಚಿಕ್ಕದಾದರೂ ಅದು ಬೀಳುವ ರೀತಿ ಬದಲಾಗುವುದಿಲ್ಲ. ಮಾಡೆಲ್ ಕೋಣೆಯ ಮೂಲೆ ಕತ್ತಲಾಗಿದ್ದರೆ ನಿಜವಾದ ಮೂಲೆಯೂ ಕತ್ತಲೇ. ಆದರೆ ಎಲ್ಲವನ್ನೂ ಬಿಳಿ ಸನ್‌ಬೋರ್ಡಿನಲ್ಲಿ ಮಾಡಿ "ಆಹಾ ಎಷ್ಟು ಬೆಳಕು" ಅಂತ ಖುಷಿಪಡಬೇಡಿ. ನೀವು ಹಾಕಿಸುವುದು ಕಪ್ಪು ಗ್ರಾನೈಟ್ ನೆಲ ಆದರೆ ಕಪ್ಪು ಕಾಗದ ಹಾಸಿ. ಗೋಡೆಗೆ ಬಳಿಯುವ ಬಣ್ಣದ ಕಾಗದವನ್ನೇ ಅಂಟಿಸಿ. ಕಿಟಕಿಗೆ ಸೊಳ್ಳೆ ಪರದೆಯ ತುಂಡನ್ನೂ ಅಂಟಿಸಿ ನೋಡಿ, ಬೆಳಕು ಎಷ್ಟು ಕಡಿಮೆಯಾಗುತ್ತದೆ ಅಂತ ಆಶ್ಚರ್ಯ ಆಗುತ್ತದೆ. ಹಿಂದಿನ ಗೋಡೆಯಲ್ಲಿ ಮೊಬೈಲ್ ಕ್ಯಾಮೆರಾ ಕಣ್ಣಿನಷ್ಟು ತೂತು ಮಾಡಿ ಅಲ್ಲಿಂದ ಫೋಟೊ ತೆಗೆಯಿರಿ. ಸುತ್ತ ಸಂದಿಗಳಲ್ಲಿ ಬೆಳಕು ನುಸುಳದಂತೆ ಕಪ್ಪು ಟೇಪು ಹಚ್ಚಿರಬೇಕು.

ಬಿಸಿಲಿಗೆ ಬೇರೆ ಉಪಾಯ. ನಿಮ್ಮ ಊರಿನ ಅಕ್ಷಾಂಶಕ್ಕೆ, ಬೆಂಗಳೂರಿಗಾದರೆ 13 ಡಿಗ್ರಿ, ಬರೆದ ಸೂರ್ಯ ಗಡಿಯಾರದ ಹಾಳೆ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಅದನ್ನು ಮಾಡೆಲ್‌ನ ತಳದ ಹಲಗೆಗೆ ಅಂಟಿಸಿ. ಹಾಳೆಯ ಉತ್ತರವೂ ಮನೆಯ ಉತ್ತರವೂ ಒಂದೇ ಕಡೆಗಿರಬೇಕು. ಹಾಳೆಯಲ್ಲಿ ಹೇಳಿದಷ್ಟೇ ಎತ್ತರಕ್ಕೆ ಒಂದು ಗುಂಡುಸೂಜಿ ನೆಟ್ಟಗೆ ನಿಲ್ಲಿಸಿ. ಈಗ ಮಾಡೆಲ್ ಹಿಡಿದು ತಾರಸಿಗೆ ಹೋಗಿ, ಬಿಸಿಲಿಗೆ ಹಿಡಿದು ಓರೆ ಮಾಡುತ್ತಾ ಹೋಗಿ. ಸೂಜಿಯ ತುದಿಯ ನೆರಳು ಹಾಳೆಯಲ್ಲಿ "ಡಿಸೆಂಬರ್ 21, ಬೆಳಿಗ್ಗೆ 9" ಅನ್ನುವ ಗೆರೆಗಳು ಸೇರುವ ಜಾಗಕ್ಕೆ ಬಂದು ನಿಂತರೆ, ಮಾಡೆಲ್ ಮೇಲೆ ಬಿದ್ದಿರುವುದು ಡಿಸೆಂಬರ್ ಬೆಳಗಿನ ಒಂಬತ್ತು ಗಂಟೆಯ ಬಿಸಿಲು. ನೀವು ನಿಂತಿರುವುದು ಮೇ ತಿಂಗಳ ಸಂಜೆ ಆಗಿದ್ದರೂ ಅಷ್ಟೇ! ಹೀಗೆ ಕಾಲು ಗಂಟೆಯಲ್ಲಿ ಇಡೀ ವರ್ಷ ಸುತ್ತಿಬರಬಹುದು.

ನೋಡಬೇಕಾದದ್ದು ಎರಡು. ದಕ್ಷಿಣಕ್ಕೆ ಪಕ್ಕದವರ ಮನೆ ಇದ್ದರೆ ಡಿಸೆಂಬರ್ ನಡುಮಧ್ಯಾಹ್ನದ ನೆರಳು. ಆಗ ಬೆಂಗಳೂರಿನಲ್ಲಿ ಸೂರ್ಯ ಇರುವುದು ಸುಮಾರು ಐವತ್ತಮೂರೂವರೆ ಡಿಗ್ರಿ ಎತ್ತರದಲ್ಲಿ, ಮೂವತ್ತು ಅಡಿಯ ಮನೆ ನಿಮ್ಮ ಕಡೆಗೆ ಇಪ್ಪತ್ತೆರಡು ಅಡಿ ನೆರಳು ಚೆಲ್ಲುತ್ತದೆ. ಇನ್ನೊಂದು ಉತ್ತರದ ಕಿಟಕಿ. ಉತ್ತರಕ್ಕೆ ಬಿಸಿಲೇ ಬರಲ್ಲ ಅಂತ ಬಹಳ ಜನ ನಂಬಿದ್ದಾರೆ. ದೆಹಲಿಯಲ್ಲಿ ಅದು ಹೆಚ್ಚುಕಡಿಮೆ ನಡೆಯುತ್ತದೆ, ನಮ್ಮಲ್ಲಿ ಇಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ಬಂದು, ಆಗಸ್ಟ್ 18ರ ಸುಮಾರಿಗೆ ಮತ್ತೆ ನೆತ್ತಿಗೆ ಬರುವವರೆಗೆ ಮಧ್ಯಾಹ್ನದ ಹೊತ್ತೂ ಉತ್ತರದ ಕಡೆಯೇ ಇರುತ್ತಾನೆ. ನಡುಹಗಲಿಗೆ ಒಂದು ಸಣ್ಣ ಸಜ್ಜಾ ಸಾಕು. ಬೆಳಿಗ್ಗೆ, ಸಂಜೆ ಓರೆಯಾಗಿ ಬರುವ ಬಿಸಿಲಿಗೆ ಸಜ್ಜಾ ಏನೂ ಮಾಡುವುದಿಲ್ಲ, ಕಿಟಕಿಯ ಪಕ್ಕದಲ್ಲಿ ನೆಟ್ಟಗೆ ನಿಲ್ಲುವ ಪಟ್ಟಿ ಬೇಕು. ಮಾಡೆಲ್‌ನಲ್ಲಿ ಒಂದು ರಟ್ಟಿನ ತುಂಡು ನಿಲ್ಲಿಸಿದರೆ ಅಲ್ಲೇ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ಮಗಳು ಶಾಲೆಗೆಂದು ಗೋಳಗುಮ್ಮಟದ ಮಾಡೆಲ್ ಮಾಡಿದಳು. ಮೇಲೆ ಕೈ ಇಟ್ಟು ಒತ್ತಿದರೂ ಮುರಿಯಲಿಲ್ಲ. ಹಾಗಾದರೆ ಮಾಡೆಲ್ ಗಟ್ಟಿ ಇದ್ದರೆ ಕಟ್ಟಡವೂ ಗಟ್ಟಿ ಅಂತ ಹೇಳಬಹುದಾ? (ವಿಜಯಪುರದ ಓದುಗರು)

ಉತ್ತರ: ಮಗಳಿಗೆ ಶಾಭಾಸ್ ಹೇಳಿ. ಉತ್ತರ ಮಾತ್ರ "ಇಲ್ಲ, ಆದರೆ…"

ಇಲ್ಲ ಯಾಕೆ ಅಂದರೆ, ಮಾಡೆಲ್‌ನ ಐವತ್ತು ಪಟ್ಟು ದೊಡ್ಡದು ಕಟ್ಟಿದಿರಿ ಅಂದುಕೊಳ್ಳಿ. ಉದ್ದ, ಅಗಲ, ಎತ್ತರ ಮೂರೂ ಐವತ್ತು ಪಟ್ಟು, ಹಾಗಾಗಿ ತೂಕ 1,25,000 ಪಟ್ಟು. ಆ ತೂಕ ಹೊರುವ ಕಂಬವನ್ನು ಅಡ್ಡ ಕತ್ತರಿಸಿದರೆ ಕಾಣುವ ಮುಖದ ವಿಸ್ತೀರ್ಣ ಬೆಳೆಯುವುದು ಬರೀ 2,500 ಪಟ್ಟು. ಅಂದರೆ ಅದೇ ವಸ್ತುವಿನಲ್ಲಿ ಕಟ್ಟಿದರೆ ಕಂಬದ ಒಂದೊಂದು ಚದರ ಇಂಚಿನ ಮೇಲೂ ಐವತ್ತು ಪಟ್ಟು ಭಾರ. ಗೆಲಿಲಿಯೋ 1638ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಹಾಗಾಗಿ ಸ್ಲ್ಯಾಬು ಎಷ್ಟು ದಪ್ಪ, ಕಂಬಿ ಎಷ್ಟು ಅಂತ ಸನ್‌ಬೋರ್ಡ್ ಒತ್ತಿ ನೋಡಿ ತೀರ್ಮಾನಿಸುವ ಹಾಗಿಲ್ಲ.

"ಆದರೆ" ಅಂದದ್ದು ಕಮಾನು, ಗುಮ್ಮಟಗಳಿಗೆ. ಕಲ್ಲು, ಇಟ್ಟಿಗೆಯ ಕಮಾನು ಸಾಮಾನ್ಯವಾಗಿ ಬೀಳುವುದು ಕಲ್ಲು ಪುಡಿಯಾಗಿ ಅಲ್ಲ, ಆಕಾರ ಸರಿಯಿಲ್ಲದೆ ಅಥವಾ ಬುಡ ಸರಿದು. ಆಕಾರದ ವಿಷಯ ಚಿಕ್ಕದರಲ್ಲೂ ಒಂದೇ, ದೊಡ್ಡದರಲ್ಲೂ ಒಂದೇ. ಒಂದು ಸರಪಳಿಯನ್ನು ಎರಡು ತುದಿ ಹಿಡಿದು ಜೋತುಬಿಡಿ. ಅದು ತಾನಾಗಿ ಒಂದು ಆಕಾರಕ್ಕೆ ಬರುತ್ತದೆ. ಅದನ್ನೇ ತಲೆಕೆಳಗು ಮಾಡಿದರೆ ಗಟ್ಟಿ ಕಮಾನಿನ ಆಕಾರ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲಿ ಇದನ್ನು ಹೇಳಿದ, ಅದೂ ಬೇರೆಯವರು ಕದಿಯಬಾರದು ಅಂತ ಅಕ್ಷರಗಳನ್ನು ಕಲಸಿ ಒಗಟು ಮಾಡಿ ಅಚ್ಚು ಹಾಕಿಸಿದ. ರೋಮಿನ ಸೇಂಟ್ ಪೀಟರ್ಸ್ ಗುಮ್ಮಟ ಬಿರುಕು ಬಿಟ್ಟಾಗ ಪೊಲೇನಿ ಅನ್ನುವವರು ಇದೇ ಉಪಾಯದಿಂದ, ಗುಮ್ಮಟದ ಒಂದೊಂದು ಭಾಗದ ತೂಕಕ್ಕೆ ತಕ್ಕ ಗುಂಡುಗಳನ್ನು ಸರಪಳಿಗೆ ಕಟ್ಟಿ ತೂಗಿಬಿಟ್ಟು ಪರೀಕ್ಷೆ ಮಾಡಿದರು. ಅವರ ಪುಸ್ತಕ ಬಂದದ್ದು 1748ರಲ್ಲಿ.

ಇದನ್ನು ಹುಚ್ಚು ಹಿಡಿದ ಹಾಗೆ ಬೆಳೆಸಿದವನು ಸ್ಪೇನಿನ ಬಾರ್ಸಿಲೋನಾದ ವಾಸ್ತುಶಿಲ್ಪಿ ಆಂಟನಿ ಗೌಡಿ. ಅಲ್ಲಿ ಹತ್ತಿರದ ಕೊಲೋನಿಯಾ ಗುಯೆಲ್ ಅನ್ನುವ ಕಡೆ ಚರ್ಚು ಕಟ್ಟಲು, ಚಾವಣಿಯಿಂದ ದಾರಗಳನ್ನು ಜೋತುಬಿಟ್ಟು, ಅವಕ್ಕೆ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಕಟ್ಟಿ, ಹತ್ತನೇ ಒಂದು ಅಳತೆಯ ಇಡೀ ಚರ್ಚನ್ನು ತಲೆಕೆಳಗಾಗಿ ತೂಗುಹಾಕಿದ. ಒಂದು ಚೀಲ ಸರಿಸಿದರೆ ಸುತ್ತಲಿನ ದಾರಗಳೆಲ್ಲ ತಾವಾಗಿ ಸರಿಯುತ್ತಿದ್ದವು. ಫೋಟೊ ತೆಗೆದು, ಉಲ್ಟಾ ಹಿಡಿದು, ಅದರ ಮೇಲೆ ಕಟ್ಟಡ ಬರೆಯುತ್ತಿದ್ದ. ಇದಕ್ಕೇ ವರ್ಷಗಟ್ಟಲೆ ಹಿಡಿಯಿತು. ಕೊನೆಗೆ ಕಟ್ಟಿದ್ದು ಕೆಳಗಿನ ಭಾಗ ಮಾತ್ರ, 1914ರಲ್ಲಿ ಕೆಲಸ ನಿಂತಿತು. ನಿಮ್ಮ ಮಗಳಿಗೆ ಮುಂದಿನ ಪ್ರಾಜೆಕ್ಟ್ ಇದೇ ಕೊಡಿ: ಸ್ಟೂಲು ತಲೆಕೆಳಗೆ ಹಾಕಿದರೆ ನಾಲ್ಕು ಕಾಲು ಸಿಗುತ್ತದೆ, ಅವಕ್ಕೆ ತೆಳ್ಳನೆಯ ಸರಪಳಿ ಕಟ್ಟಿ ಜೋತುಬಿಡಲಿ, ಫೋಟೊ ತೆಗೆದು ತಿರುಗಿಸಿ ನೋಡಲಿ.

ಪ್ರಶ್ನೆ: ಫ್ಲ್ಯಾಟ್ ಕೊಳ್ಳಲು ಹೋದಾಗ ಬಿಲ್ಡರ್ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ದೊಡ್ಡ ಮಾಡೆಲ್ ಇತ್ತು. ಲೈಟು, ಕೊಳ, ಮರ ಎಲ್ಲ ಇತ್ತು. ನಂಬಬಹುದಾ? (ಹುಬ್ಬಳ್ಳಿಯ ಓದುಗರು)

ಉತ್ತರ: ಅದು ಮಾರಲು ಮಾಡಿದ ಮಾಡೆಲ್, ಅಷ್ಟು ನೆನಪಿರಲಿ. ಮೊದಲು ಉತ್ತರ ದಿಕ್ಕು ತೋರಿಸಿ ಅಂತ ಕೇಳಿ. ಆಮೇಲೆ ಅಳತೆ ಏನು ಅಂತ ಕೇಳಿ, ಮರದ ಎತ್ತರವನ್ನು ಮಹಡಿಗಳ ಜೊತೆ ಹೋಲಿಸಿ. ಮೂರು ಮಹಡಿ ಎತ್ತರದ ಮರ ಬೆಳೆಯಲು ಎಷ್ಟು ವರ್ಷ ಬೇಕು? ಅದರ ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗ್ ಇದ್ದರೆ ಬೇರು ಎಲ್ಲಿ ಹೋಗುತ್ತದೆ? ಕಾಂಪೌಂಡ್ ಆಚೆ ಹಸಿರು ಹುಲ್ಲು ಅಂಟಿಸಿದ್ದಾರಲ್ಲ, ಅಲ್ಲಿ ನಿಜವಾಗಿ ಏನಿದೆ, ನಾಳೆ ಏನು ಬರಬಹುದು?

2016ರ ರೇರಾ ಕಾಯ್ದೆಯ (ಬಿಲ್ಡರ್‌ಗಳನ್ನು ನಿಯಂತ್ರಿಸುವ ರಿಯಲ್ ಎಸ್ಟೇಟ್ ಕಾನೂನು) 12ನೇ ಸೆಕ್ಷನ್ ಪ್ರಕಾರ ಜಾಹೀರಾತು ನೋಡಿಯೋ, ಮಾದರಿ ಅಪಾರ್ಟ್‌ಮೆಂಟ್ ಅಥವಾ ಕಟ್ಟಡ ನೋಡಿಯೋ ಮುಂಗಡ ಕೊಟ್ಟು, ಅದರಲ್ಲಿದ್ದ ಸುಳ್ಳಿನಿಂದ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಗಾಜಿನ ಪೆಟ್ಟಿಗೆಯ ಮಾಡೆಲ್ ವಿಷಯದಲ್ಲಿ ವಕೀಲರು ವಾದಿಸಬೇಕಾಗಬಹುದು. ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ತೆಗೆಯಲು ಬಿಡಲ್ಲ ಅಂದರೆ ಯಾಕೆ ಅಂತ ಯೋಚಿಸಿ. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಮಂಜೂರಾದ ಪ್ಲ್ಯಾನ್ ತೆಗೆದು, ಕೊಳ ಅಲ್ಲೂ ಇದೆಯಾ ನೋಡಿ.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ, ಉಡುಪಿ ಹತ್ತಿರ ಊರಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮಾಡೆಲ್ ಮಾಡಿಸಿ ಮೇಸ್ತ್ರಿಗೆ ಕೊಟ್ಟರೆ ಉಪಯೋಗ ಇದೆಯಾ?

ಉತ್ತರ: ಇದೆ. ಹಂಚಿನ ಮಾಡು ಎರಡು ಕಡೆಯಿಂದ ಬಂದು ಕೂಡುವ ಮೂಲೆ, ನೀರು ಹರಿಯುವ ಕಣಿವೆ, ಇಂಥವು ಡ್ರಾಯಿಂಗಿಗಿಂತ ಮಾಡೆಲ್‌ನಲ್ಲಿ ಬೇಗ ಅರ್ಥವಾಗುತ್ತವೆ. ನಿಮ್ಮ ಕಡೆಯ ಮಳೆಗೆ ಆ ಮೂಲೆಯೇ ಮುಖ್ಯ. ಇಡೀ ಮನೆ ಬೇಡ, ಆ ಒಂದು ಮೂಲೆಯನ್ನೇ ದೊಡ್ಡದಾಗಿ ಮಾಡಿಸಿ. ಫ್ಲಾರೆನ್ಸಿನ ದೊಡ್ಡ ಗುಮ್ಮಟ ಕಟ್ಟಿದ ಬ್ರುನೆಲೆಸ್ಕಿ ಕಲ್ಲುಕುಟಿಗರಿಗೆ ಕಲ್ಲಿನ ಆಕಾರ ತೋರಿಸಲು ಮೇಣ, ಮಣ್ಣು ಸಾಲದೆ ಟರ್ನಿಪ್ ಗೆಡ್ಡೆಯಲ್ಲೂ ಕೆತ್ತಿ ತೋರಿಸುತ್ತಿದ್ದನಂತೆ. ಆದರೆ ಮೇಸ್ತ್ರಿ ಟೇಪು ಹಿಡಿಯಬೇಕಾದದ್ದು ಡ್ರಾಯಿಂಗ್ ನೋಡಿಯೇ. ಮಾಡೆಲ್ ಅಳೆದು ಕಟ್ಟಬೇಡಿ ಅಂತ ಮೊದಲೇ ಹೇಳಿಬಿಡಿ.

ಪ್ರಶ್ನೆ: ವಾಸ್ತು ನೋಡಲು ಮಾಡೆಲ್ ಬೇಕಾ?

ಉತ್ತರ: ವಾಸ್ತು ಹೇಳುವವರು ಪ್ಲ್ಯಾನ್ ನೋಡಿಯೇ ಹೇಳುತ್ತಾರೆ. ಅವರು ಬಾಗಿಲು ಸರಿಸಿದ ಮೇಲೆ ಸೋಫಾ ಎಲ್ಲಿ ಇಡುತ್ತೀರಿ ಅನ್ನುವುದಕ್ಕೆ ಬೇಕು.

ಪ್ರಶ್ನೆ: ಥರ್ಮಾಕೋಲ್‌ಗೆ ಫೆವಿಕ್ವಿಕ್ ಹಾಕಿದೆ, ಗೋಡೆಯೇ ಕರಗಿ ಹೋಯಿತು. ಏನು ಮಾಡಲಿ?

ಉತ್ತರ: ಕರಗಲೇಬೇಕು, ಆ ಅಂಟು ಥರ್ಮಾಕೋಲನ್ನು ತಿನ್ನುತ್ತದೆ. ಸ್ಪ್ರೇ ಪೇಂಟೂ ಹಾಗೇ ಮಾಡುತ್ತದೆ. ಬಿಳಿ ಫೆವಿಕಾಲ್ ಹಚ್ಚಿ, ಗುಂಡುಸೂಜಿ ಚುಚ್ಚಿ, ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆವರೆಗೆ ಮುಟ್ಟಬೇಡಿ.